ಬಿಳಿ ಚೀಟಿ ಬರೆಯೋ ಕೈಯಲ್ಲಿ ಕಾಣಿಕೆ ಚೀಲ ಹಿಡಿಯೋದು ಹೆಂಗೆ?

ಮಂಡಿ ರೈಟರ್ · ಭಾನುವಾರ, ರಾತ್ರಿ 11:20

ಎಲ್ಲರಿಗೂ ಸ್ತೋತ್ರ. ನಮ್ಮ ಸಭೆಯ, ಅಂದ್ರೆ ಚರ್ಚಿನ, ವಾಟ್ಸಾಪ್ ಗುಂಪಲ್ಲಿ ಇದನ್ನ ಕೇಳೋಕಾಗಲ್ಲ, ಅಲ್ಲಿರೋರೆಲ್ಲ ದಿನಾ ಮುಖ ನೋಡೋರೇ. ಊರಿನ ಹೆಸರು, ಮಂಡಿ ಹೆಸರು ದಯವಿಟ್ಟು ಕೇಳಬೇಡಿ. ಕೋಲಾರ ಜಿಲ್ಲೆ ಅಂತ ಇಟ್ಕೊಳ್ಳಿ, ಸಾಕು.

ಮೂರು ತಲೆಮಾರಿನಿಂದ ಮೆಥೋಡಿಸ್ಟ್ ಸಭೆಯವರು ನಾವು. ನಮ್ಮ ತಾತ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದವರು. ನಾನು ಹದಿನಾಲ್ಕು ವರ್ಷದಿಂದ ಒಂದು ಟಮಾಟ ಮಂಡಿಯಲ್ಲಿ ರೈಟರ್. ಬೆಳಿಗ್ಗೆ ಗಾಡಿ ಬರ್ತವೆ, 15 ಕೆ.ಜಿ. ಬಾಕ್ಸು, ಹಮಾಲರು ಇಳಿಸಿ ಸಾಲಾಗಿ ಜೋಡಿಸ್ತಾರೆ, ಹರಾಜು ಕೂಗ್ತಾ ಹೋಗ್ತಾರೆ, ನಾನು ಪ್ಯಾಡು ಹಿಡ್ಕೊಂಡು ಹಿಂದೆ ಹಿಂದೇನೇ ನಡೀತೀನಿ. ನಮ್ಮಲ್ಲಿ ಎರಡು ಲೆಕ್ಕ. ಒಂದು ಬುಕ್ಕಿಂದು, ಇನ್ನೊಂದು ರೈತನ ಕೈಗೆ ಹೋಗೋ ಬಿಳಿ ಚೀಟಿ. ಬಾಕ್ಸ್ ಬರೆಯುವಾಗ ಸೂಟು ಅಂತ ಒಂದೆರಡು ಕಳೀಬೇಕು, ಹಣ್ಣು ಒಡೆದಿರತ್ತೆ, ಕಾಯಿ ಸೇರಿರತ್ತೆ ಅನ್ನೋದು ನೆಪ. ಉಳಿದಿದ್ದರಲ್ಲಿ ನೂರಕ್ಕೆ ಹತ್ತು ಕಮಿಷನ್ನು. ನಾನು ಶುರು ಮಾಡಿದ್ದಲ್ಲ ಇದು. ನಾನು ಸೇರೋಕೆ ಮುಂಚೆಯಿಂದ ನಡೀತಾ ಬಂದಿದೆ.

ಗುರುವಾರ ನಮ್ಮ ಸಭೆಯ ಒಬ್ಬ ಅಮ್ಮ ಮಾಲು ತಂದಿದ್ರು. ಗಂಡ ಇಲ್ಲ, ಒಂದೆಕರೆ ಗುತ್ತಿಗೆಗೆ ಹಿಡಿದು ಟಮಾಟ ಹಾಕವ್ರೆ. 42 ಬಾಕ್ಸ್. ರೇಟು 380 ಆಯ್ತು. ಚೀಟಿಯಲ್ಲಿ ನಾನು ಬರೆದಿದ್ದು 40. 15,200 ಆಯ್ತಾ, ಅದ್ರಲ್ಲಿ ಕಮಿಷನ್ 1,520 ಕಳೆದೆ. ಇಳಿಸಿದ ಕೂಲಿ ಬಾಕ್ಸ್‌ಗೆ ಮೂರು ರೂಪಾಯಿ, ಅದನ್ನ ಮಾತ್ರ 42ಕ್ಕೇ ಹಿಡಿದೆ. 13,554 ರೂಪಾಯಿ ಕೈಗೆ ಕೊಟ್ಟೆ. ಆಯಮ್ಮ ಎಣಿಸಿ ಸೆರಗಿಗೆ ಗಂಟು ಹಾಕ್ಕೊಂಡು, "ಬರ್ತೀನಪ್ಪ" ಅಂದು ಹೋದ್ರು.

ಇವತ್ತು ಸಭೆಯಲ್ಲಿ ಕಾಣಿಕೆ ಚೀಲ ಹಿಡಿಯೋ ಸರದಿ ನಂದು. ನಾನು ಖಜಾಂಚಿ ಕೂಡ. ಆಯಮ್ಮನ ಸಾಲಿಗೆ ಬಂದಾಗ ಐವತ್ತರ ನೋಟು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿ, ನನ್ನ ಮುಖ ನೋಡಿ ನಕ್ಕರು. ಏನೂ ಅನ್ನಲಿಲ್ಲ. ಆಗಿಂದ ನನ್ನ ಕೈ ಸರಿಯಾಗಿಲ್ಲ.

ಮುಂದಿನ ತಿಂಗಳು ಸುಗ್ಗಿ ಹಬ್ಬ. ಪ್ರತಿ ವರ್ಷದ ಥರಾ ನಮ್ಮ ಸಾಹುಕಾರ್ರು ಸಭೆ ಹರಾಜಿಗೆ 20 ಬಾಕ್ಸ್ ಕೊಡ್ತಾರೆ. ಅವರು ನಮ್ಮ ಮತದವರಲ್ಲ, ಆದ್ರೂ ಕೊಡ್ತಾರೆ. ಕೆಟ್ಟವರು ಅಂತ ಹೇಳೋ ಬಾಯಿ ನಂಗಿಲ್ಲ, ನನ್ನ ಹೆಂಡತಿ ಆಪರೇಷನ್‌ಗೆ ದುಡ್ಡು ಕೊಟ್ಟವರು ಅವರೇ. ಮಗಳು ಎರಡನೇ ಪಿಯುಸಿ. ನಮ್ಮ ಸಭೆಯ ಪಾದ್ರಿ ಅಯ್ಯನವರ ಹತ್ರ ಸೂಕ್ಷ್ಮವಾಗಿ ಕೇಳಿದೆ. "ಪ್ರಾರ್ಥನೆಯಲ್ಲಿಡಿ" ಅಂದ್ರು.

ಪ್ರಾರ್ಥನೆಯಲ್ಲಿ ಇಟ್ಟಿದೀನಿ. ಬೆಳಗಾದ್ರೆ ಮತ್ತೆ ಪ್ಯಾಡು ಹಿಡೀಬೇಕು. ಏನ್ಮಾಡ್ಲಿ?


ಮಾಲೂರು ಸಾಕ್ಷಿ · ಸೋಮವಾರ, ಬೆಳಿಗ್ಗೆ 6:05

ಪ್ರೈಸ್ ದ ಲಾರ್ಡ್ ಬ್ರದರ್. ಇದರಲ್ಲಿ ಯೋಚನೆ ಮಾಡೋದೇನಿದೆ? ನಾಳೆಯಿಂದ ಹೋಗಬೇಡಿ. ನಾನು ಬಾರ್‌ನಲ್ಲಿ ಕ್ಯಾಷಿಯರ್ ಆಗಿದ್ದೆ, ರಕ್ಷಣೆ ಹೊಂದಿದ ವಾರವೇ ಬಿಟ್ಟೆ. ಎರಡು ತಿಂಗಳು ಕಷ್ಟ ಆಯ್ತು, ಮೂರನೇ ತಿಂಗಳು ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ತು. ಕರ್ತನು ಕೈ ಬಿಡಲ್ಲ. ದಶಮಾಂಶ, ಅಂದ್ರೆ ದುಡಿಮೆಯ ಹತ್ತನೇ ಒಂದು ಪಾಲು, ಸಭೆಗೆ ಸರಿಯಾಗಿ ಕೊಡ್ತಿದೀರಾ? ಬೈಬಲ್ಲಲ್ಲಿ ಮಲಾಕಿಯ 3:10 ಓದಿ, ಪರೀಕ್ಷೆ ಮಾಡಿ ನೋಡಿ ಅಂತ ಆತನೇ ಹೇಳಿದಾನೆ.


ಚಾಂಪಿಯನ್ ರೀಫ್ · ಸೋಮವಾರ, ಬೆಳಿಗ್ಗೆ 7:30

ತಮ್ಮಾ ಮಾಲೂರು, ಹತ್ತನೇ ವಚನಕ್ಕೆ ಹೋಗೋ ಮುಂಚೆ ಅದೇ ಅಧ್ಯಾಯದ ಐದನೇ ವಚನ ಸಿಗುತ್ತಲ್ಲ, ಅಲ್ಲಿ ನಿಲ್ಲೋದೇ ಇಲ್ವಾ? ಕೂಲಿಯವನ ಕೂಲಿ ಹಿಡಿಯೋರ ಮೇಲೆ, ವಿಧವೆಯನ್ನ ಹಿಂಸೆ ಮಾಡೋರ ಮೇಲೆ ದೇವರೇ ಸಾಕ್ಷಿ ನಿಲ್ತಾನೆ ಅಂತ ಅಲ್ಲಿದೆ. ನಾನು ಐವತ್ತು ವರ್ಷದಿಂದ ಪ್ರಸಂಗ ಕೇಳ್ತಿದೀನಿ. ಹತ್ತನೇದರ ಮೇಲೆ ಎಷ್ಟು ಕೇಳಿದೀನೋ ಲೆಕ್ಕ ಇಲ್ಲ. ಐದನೇದರ ಮೇಲೆ ಒಂದೂ ಇಲ್ಲ.

ಮಂಡಿ ರೈಟರ್ ಅವರೇ, ಕೆಲಸ ಬಿಡಿ ಅಂತ ಹೇಳೋದು ಸುಲಭ. 2001ರ ಫೆಬ್ರವರಿ ಕೊನೆಗೆ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದಾಗ ನಮ್ಮಪ್ಪನಿಗೆ ಕೆಲಸ ಹೋಯ್ತು. ಕೆಲಸ ಇಲ್ಲದ ಮನೆ ಹೇಗಿರತ್ತೆ ಅಂತ ನಂಗೊತ್ತು. ಸಾಯಂಕಾಲ ಅಪ್ಪ ಸುಮ್ಮನೆ ಬಾಗಿಲಲ್ಲಿ ಕೂತಿರೋರು, ಅಮ್ಮ ಬೈಯೋದೂ ಇಲ್ಲ, ಮಾತಾಡೋದೂ ಇಲ್ಲ.


ನಿವೃತ್ತ ಟೀಚರ್, ತುಮಕೂರು · ಸೋಮವಾರ, ಬೆಳಿಗ್ಗೆ 9:12

ತಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಅಯ್ಯನವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ನಮ್ಮ ತಂದೆ ಪಾದ್ರಿಗಳನ್ನು ತಯಾರು ಮಾಡುವ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯಲ್ಲಿ ಓದಿದವರು. 1965ರಲ್ಲಿ ಅದು ಮಂಗಳೂರಿನ ಸೆಮಿನರಿಯ ಜೊತೆ ಸೇರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು. ಅದಕ್ಕೂ ಮುಂಚಿನ ಮಾತು ಇದು. ಊಟದ ಹೊತ್ತಿನಲ್ಲಿ ಅವರು ನಮಗೆ ಲೂಕನ ಮೂರನೇ ಅಧ್ಯಾಯ ಹೇಳುತ್ತಿದ್ದರು. ಸ್ನಾನಿಕ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಸುಂಕದ ಕಟ್ಟೆ ಬಿಟ್ಟು ಬನ್ನಿ ಎಂದು ಯೋಹಾನ ಹೇಳುವುದಿಲ್ಲ. ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎನ್ನುತ್ತಾನೆ. ಸಿಪಾಯಿಗಳಿಗೂ ಹಾಗೆಯೇ. ಅಷ್ಟು ಖಾರವಾದ ಮನುಷ್ಯ, ಮಿಡತೆ ತಿಂದು ಬದುಕಿದವನು, ಕೆಲಸ ಬಿಡಿ ಎನ್ನಲಿಲ್ಲ ನೋಡಿ.

ಆದರೆ ತಮ್ಮಾ, ಇದನ್ನೇ ಹಿಡಿದುಕೊಂಡು ನೆಮ್ಮದಿಯಾಗಿ ಮಲಗಬೇಡಿ. ಸುಂಕದವನಿಗೆ ಹೆಚ್ಚು ತೆಗೆಯದೆ ಬಿಡುವ ಅಧಿಕಾರ ತನ್ನ ಕೈಯಲ್ಲೇ ಇತ್ತು. ನಿಮ್ಮ ಕೈಯಲ್ಲಿ ಪೆನ್ನು ಇದೆ, ಅಧಿಕಾರ ಇಲ್ಲ. ಅದೇ ತೊಡಕು.


ಮುಳಬಾಗಿಲು ನರ್ಸಮ್ಮ · ಸೋಮವಾರ, ಮಧ್ಯಾಹ್ನ 1:40

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಒಂದೇ ಪ್ರಶ್ನೆ ಅಣ್ಣ. ಮನೆಯಲ್ಲಿ ಹೆಂಡತಿಗೆ ಹೇಳಿದೀರಾ? ಅವರೇನಂದ್ರು?


ಮಂಡಿ ರೈಟರ್ · ಸೋಮವಾರ, ರಾತ್ರಿ 8:55

ಇಲ್ಲ ಸಿಸ್ಟರ್, ಹೇಳಿರಲಿಲ್ಲ. ನೀವು ಕೇಳಿದ ಮೇಲೆ ಹೇಳಿದೆ. ರಾಗಿ ಹಿಟ್ಟು ಜರಡಿ ಹಿಡೀತಿದ್ಲು. ನಿಲ್ಲಿಸದೆ, "ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ" ಅಂದ್ಲು. ಅಷ್ಟೇ.


ಶ್ರೀನಿವಾಸಪುರ ರೈತ · ಮಂಗಳವಾರ, ಬೆಳಿಗ್ಗೆ 5:15

ಸ್ವಾಮಿ, ನಾನು ನಿಮ್ಮ ಚರ್ಚಿನವನಲ್ಲ. ನನ್ನ ಸ್ನೇಹಿತ ಒಬ್ಬ ಇದನ್ನ ಕಳಿಸಿದ, ಓದಿ ಸುಮ್ಮನಿರೋಕಾಗಲಿಲ್ಲ. ಮಾವು ನಮ್ಮ ಕಡೆ ಹೆಸರುವಾಸಿ, ಆದ್ರೆ ನಾನು ಟಮಾಟನೂ ಬೆಳೀತೀನಿ, ಚೀಟಿ ಈಸ್ಕೊಂಡು ಈಸ್ಕೊಂಡು ಕೈ ಸವೆದಿದೆ.

ನೀವು ಕೆಲಸ ಬಿಟ್ರೆ ನಮಗೆ ಮೂರು ಕಾಸಿನ ಪ್ರಯೋಜನ ಇಲ್ಲ. ನಾಳೆ ಇನ್ನೊಬ್ಬ ಪ್ಯಾಡು ಹಿಡೀತಾನೆ, ಅವನಿಗೆ ರಾತ್ರಿ ನಿದ್ದೆ ಚೆನ್ನಾಗೇ ಬರುತ್ತೆ. ನಮಗೆ ಬೇಕಾಗಿರೋದು ಒಂದೇ. 42 ಬಂದ್ರೆ ಚೀಟಿ ಮೇಲೆ 42 ಅಂತ ಬರೀರಿ. ಕಳೆಯೋದನ್ನ ಕೆಳಗೆ ಬೇರೆ ಬರೀರಿ. ಸೂಟು ಎರಡು, ಕಮಿಷನ್ ಇಷ್ಟು, ಹಮಾಲಿ ಇಷ್ಟು. ಕಳ್ಳತನವೇ ಆಗ್ಲಿ, ಕಾಗದದ ಮೇಲೆ ಕಾಣಿಸ್ಲಿ. ಕಂಡ್ರೆ ನಾವು ಜಗಳ ಆಡಬಹುದು. ಈಗ ಏನಂತ ಜಗಳ ಆಡೋದು? ಚೀಟಿಯಲ್ಲಿ 40 ಅಂತಿದೆ, ನಾನು 42 ತಂದೆ ಅಂತ ಯಾವ ದೇವರ ಮುಂದೆ ಪ್ರಮಾಣ ಮಾಡ್ಲಿ?

2023ರ ಜುಲೈನಲ್ಲಿ ಬಾಕ್ಸು 2,000 ದಾಟಿತ್ತು, ಟಿವಿಯವರು ಬಂದು ನಮ್ಮ ತೋಟದಲ್ಲಿ ನಿಂತು ಮಾತಾಡಿದ್ರು. ಆಗ ಎರಡು ಬಾಕ್ಸ್ ಸೂಟು ಅಂದ್ರೆ ನಾಲ್ಕು ಸಾವಿರ. ಅದೇ ತೋಟದ ಹಣ್ಣನ್ನ ಇನ್ನೊಂದು ಬೆಳೆಗೆ ಕೇಳೋರಿಲ್ಲದೆ ರಸ್ತೆ ಪಕ್ಕ ಸುರಿದು ಬಂದಿದೀನಿ. ಅವತ್ತು ಯಾವ ಟಿವಿಯವರೂ ಇರಲಿಲ್ಲ.

ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನೀವು ಆಯಮ್ಮ ನಿಮ್ಮ ಸಭೆಯವರು ಅಂತ ಇಷ್ಟು ಸಂಕಟ ಪಡ್ತಿದೀರಿ. ಅವತ್ತು ಸಾಲಲ್ಲಿ ಇನ್ನೂ ಮೂವತ್ತು ಜನ ರೈತರು ನಿಂತಿರ್ಲಿಲ್ವಾ?


ನಿವೃತ್ತ ಟೀಚರ್, ತುಮಕೂರು · ಮಂಗಳವಾರ, ಬೆಳಿಗ್ಗೆ 8:20

ಶ್ರೀನಿವಾಸಪುರದ ಅಣ್ಣನವರೇ, ಕೊನೆಯ ಸಾಲು ಎದೆಗೆ ನಾಟಿತು. ನಮ್ಮ ಊರಿನಲ್ಲಿ ಸಿದ್ಧಗಂಗೆಯ ದಾಸೋಹದಲ್ಲಿ ಎಲೆ ಹಾಕುವಾಗ ನೀನು ಯಾರ ಮಗ ಎಂದು ಕೇಳುವುದಿಲ್ಲ. ನಮ್ಮ ಶಾಲೆಯ ಎಷ್ಟೋ ಕ್ರೈಸ್ತ ಮಕ್ಕಳು ಅಲ್ಲಿ ಉಂಡು ಬಂದಿದ್ದಾರೆ. ನಾವು ಮಾತ್ರ "ನಮ್ಮ ಸಭೆಯವರು" ಎನ್ನುವ ಬೇಲಿಯನ್ನು ಸಂಕಟಕ್ಕೂ ಹಾಕಿಕೊಂಡಿದ್ದೇವೆ.

ನೀವು ಹೇಳಿದ ಚೀಟಿಯ ಮಾತು ಕೇಳಿ ಲೂಕ 16 ನೆನಪಾಯಿತು. ಅಲ್ಲೊಬ್ಬ ರೈಟರ್ ಇದ್ದಾನೆ, ನೂರು ಬುದ್ದಲಿ ಎಣ್ಣೆಯ ಪತ್ರವನ್ನು ಐವತ್ತು ಎಂದು ಬರೆಸುತ್ತಾನೆ, ನೂರು ಅಳತೆ ಗೋಧಿಯನ್ನು ಎಂಬತ್ತು ಮಾಡಿಸುತ್ತಾನೆ. ಯಜಮಾನನಿಗೆ ಮೋಸ ಮಾಡಿ ಸಾಲಗಾರರ ಹೊರೆ ಇಳಿಸುತ್ತಾನೆ, ಅದೂ ತನ್ನ ಹೊಟ್ಟೆಪಾಡಿಗೆ. ಸಂಡೇ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ, ಈ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಬಂದಾಗಲೆಲ್ಲ ಬೇಗ ಬೇಗ ದಾಟಿಸಿಬಿಡುತ್ತಿದ್ದೆ. ಮಕ್ಕಳು ಪ್ರಶ್ನೆ ಕೇಳಿದರೆ ಉತ್ತರ ಇರಲಿಲ್ಲ.


ಬಂಗಾರಪೇಟೆ ಗುಮಾಸ್ತ · ಮಂಗಳವಾರ, ಬೆಳಿಗ್ಗೆ 10:02

ವೇದ ವಾಕ್ಯ ನಂಗೆ ಅಷ್ಟಾಗಿ ಗೊತ್ತಿಲ್ಲ, ವಕೀಲರ ಆಫೀಸಲ್ಲಿ ಗುಮಾಸ್ತ. 1966ರ ಎಪಿಎಂಸಿ ಕಾಯ್ದೆ ಪ್ರಕಾರ ಕಮಿಷನ್ ಕೊಡಬೇಕಾದ್ದು ಕೊಳ್ಳೋನು, ಬೆಳೆದೋನಲ್ಲ. ಸೂಟು ತೆಗೆಯೋ ಹಾಗೂ ಇಲ್ಲ. ಅಂದ್ರೆ ಆಯಮ್ಮ ಕಳ್ಕೊಂಡಿದ್ದು ಎರಡು ಬಾಕ್ಸಿನ 760 ಮಾತ್ರ ಅಲ್ಲ, ಕಮಿಷನ್ನೂ ಸೇರಿ 2,280.

ರೈಟರ್ ಸಾರ್ ಇನ್ನೊಂದು ಗಮನಿಸಿ. ಬಿಳಿ ಚೀಟಿ ಮೇಲೆ ಮಂಡಿ ಸೀಲ್ ಇರಲ್ಲ, ಸಾಹುಕಾರ್ರ ಸಹಿ ಇರಲ್ಲ. ಇರೋದು ನಿಮ್ಮ ಅಕ್ಷರ ಮಾತ್ರ.


ಸಿಲ್ಕ್ ರೀಲರ್, ಶಿಡ್ಲಘಟ್ಟ · ಮಂಗಳವಾರ, ರಾತ್ರಿ 9:30

ನಾನು ಕಥೋಲಿಕ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಗೂಡು ಕೊಂಡು ನೂಲು ತೆಗೆಯೋ ಸಣ್ಣ ಘಟಕ ಇದೆ. ಗೂಡಿನ ಮಾರ್ಕೆಟ್ಟಲ್ಲಿ ಈಗ ಕಂಪ್ಯೂಟರ್ ಹರಾಜು, ತೂಕದಲ್ಲಿ ಆಟ ಆಡೋಕೆ ಆಗಲ್ಲ. ಆಟ ನಡೆಯೋದು ಘಟಕದ ಒಳಗೆ.

ನಮ್ಮಲ್ಲಿ ಏಳು ಜನ ಹೆಂಗಸರು. ಬೆಳಿಗ್ಗೆಯಿಂದ ಬಿಸಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿ ಬೆಳ್ಳಗೆ ಊದಿ, ಸುಕ್ಕಾಗಿರುತ್ತೆ. ಸಾಯಂಕಾಲ ಕೂಲಿ ಈಸ್ಕೊಳ್ಳುವಾಗ ನೋಟು ಬೇರೆ ಮಾಡೋಕೂ ಬರಲ್ಲ. ಕೋವಿಡ್ ಆದ ಮೇಲೆ ನೂಲಿನ ರೇಟು ಬಿದ್ದಾಗ ನಾನು ಅವರ ಕೂಲಿಯಲ್ಲಿ ದಿನಕ್ಕೆ ಇಪ್ಪತ್ತು ರೂಪಾಯಿ ಹಿಡಿದೆ. ಆಮೇಲೆ ರೇಟು ಎದ್ದಿತು. ಹಿಡಿದಿದ್ದನ್ನ ಬಿಡಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಮರೆತ ಹಾಗೆ ಇದ್ದೆ.

ತಪಸ್ಸು ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಫಾದರ್ ಹತ್ರ ಪಾಪನಿವೇದನೆಗೆ, ತಪ್ಪು ಒಪ್ಪಿಸೋಕೆ, ಹೋದೆ. ಅಲ್ಲಿ ನಡೆದಿದ್ದನ್ನ ಫಾದರ್ ಯಾರಿಗೂ ಹೇಳೋ ಹಾಗಿಲ್ಲ, ನಾನು ಹೇಳಬಹುದು. ಸಿಟ್ಟು ಬಂತು, ಸುಳ್ಳು ಹೇಳಿದೆ, ಪೂಜೆಗೆ ತಪ್ಪಿಸಿದೆ ಅಂತ ಮಾಮೂಲಿ ಪಟ್ಟಿ ಒಪ್ಪಿಸಿ, ಕೊನೆಗೆ ಮೆಲ್ಲಗೆ ಇದನ್ನೂ ಸೇರಿಸಿದೆ. ಬೇರೆ ಎಲ್ಲದಕ್ಕೂ ಸೇರಿ ಒಂದು ಜಪಸರ ಅಂದ್ರು. ಇದಕ್ಕೆ ಜಪ ಇಲ್ಲ, ಲೆಕ್ಕದ ಪುಸ್ತಕ ತಗೊಂಡು ಕೂತ್ಕೋ, ಹಿಂದಕ್ಕೆ ಕೊಟ್ಟು ಮುಗಿಸಿದ ಮೇಲೆ ಬಾ ಅಂದ್ರು. ನಾನು ಅಲ್ಲೇ ವಾದ ಮಾಡಿದೆ, ಹಬ್ಬಕ್ಕೆ ಎಲ್ಲರಿಗೂ ಸೀರೆ ಕೊಟ್ಟಿದ್ದೆ ಫಾದರ್ ಅಂತ. ಸೀರೆ ನಿನ್ನ ದುಡ್ಡಲ್ಲಿ ಕೊಟ್ಟೆಯೋ, ಅವರ ದುಡ್ಡಲ್ಲೋ ಅಂತ ಕೇಳಿದ್ರು.

ಎಂಟು ತಿಂಗಳು ಹಿಡೀತು ಕೊಟ್ಟು ಮುಗಿಸೋಕೆ. ಒಬ್ಬಾಕೆ ಊರು ಬಿಟ್ಟು ಹೋಗಿದ್ಲು, ವಿಜಯಪುರದವರೆಗೆ ಹುಡುಕ್ಕೊಂಡು ಹೋದೆ. ಬಿಜಾಪುರ ಅಲ್ಲ, ನಮ್ಮ ದೇವನಹಳ್ಳಿ ಪಕ್ಕದ್ದು. ನಾಲ್ಕು ಪಟ್ಟು ಕೊಡ್ತೀನಿ ಅಂದ ಬೈಬಲ್ಲಿನ ಸುಂಕದವ ಜಕ್ಕಾಯನ ಮೇಲೆ ಅವತ್ತು ನಂಗೆ ನಿಜವಾಗ್ಲೂ ಗೌರವ ಬಂತು. ನಂಗೆ ಒಂದು ಪಟ್ಟು ಕೊಡೋಕೇ ಪ್ರಾಣ ಹೋಯ್ತು.


ಚಾಂಪಿಯನ್ ರೀಫ್ · ಬುಧವಾರ, ಬೆಳಿಗ್ಗೆ 7:10

ರೀಲರ್ ಅಣ್ಣನ ಮಾತು ಓದಿ ಖುಷಿ ಆಯ್ತು. ಆದ್ರೆ ನಂಗೆ ಇನ್ನೊಂದು ಕಡೆ ತುರಿಕೆ. ಎರಡು ಲೆಕ್ಕ ಮಂಡಿಯಲ್ಲಿ ಮಾತ್ರವಾ ಇರೋದು?

ನಮ್ಮ ಕಡೆ ಸುಗ್ಗಿ ಹಬ್ಬದ ಹರಾಜು ನೋಡಬೇಕು ನೀವು. ಒಂದು ನಾಟಿ ಕೋಳಿ ಮೂರು ಸಲ ಹರಾಜಾಗುತ್ತೆ. ಕೊಂಡೋನು ಮತ್ತೆ ಸಭೆಗೇ ಕೊಡ್ತಾನೆ, ಮತ್ತೆ ಕೂಗ್ತಾರೆ. ಕೋಳಿಗೇ ಸಾಕಾಗಿ ಕಣ್ಣು ಮುಚ್ಚಿಕೊಂಡಿರತ್ತೆ. ತಮಾಷೆ, ಸಂತೋಷ, ಎಲ್ಲ ಸರಿ. ಆದ್ರೆ ಕುಂಬಳಕಾಯಿಗೆ ಐದು ಸಾವಿರ ಕೂಗಿದವರ ಹೆಸರು ಮೈಕಲ್ಲಿ ನಾಲ್ಕು ಸಲ ಬರುತ್ತೆ, ಸೇರು ಹುರುಳಿ ಸೆರಗಲ್ಲಿ ತಂದವಳ ಹೆಸರು ಒಂದು ಸಲವೂ ಬರಲ್ಲ. ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯ, ಚಿನ್ನದುಂಗುರದವನಿಗೆ ಒಳ್ಳೇ ಜಾಗ, ಬಡವನಿಗೆ ಕಾಲ ಹತ್ರ ಜಾಗ. ಚಿನ್ನ ತೆಗೆದ ಊರಲ್ಲಿ ಹುಟ್ಟಿದವನು ನಾನು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಇತ್ತು. ಕೆಳಗೆ ಇಳಿದವರ ಬೆರಳಲ್ಲಿ ಉಂಗುರ ಇರಲಿಲ್ಲ.

ಇನ್ನೂ ಒಂದು ಹೇಳ್ತೀನಿ, ಬೈಯೋರು ಬೈಯಿರಿ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಹೆಸರೂ ಎರಡು. ಸಭೆ ರಿಜಿಸ್ಟರಲ್ಲಿ ಒಂದು, ಜಾತಿ ಸರ್ಟಿಫಿಕೇಟಲ್ಲಿ ಇನ್ನೊಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರಾದ ನಮ್ಮನ್ನ ಇಲ್ಲ. ಕರ್ನಾಟಕದಲ್ಲಿ ನಮಗೆ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಜಾಗ ಕೊಟ್ಟವ್ರೆ. ಊರಲ್ಲಿ ಕೇರಿ ಅದೇ, ಬಾವಿ ಅದೇ, ಕೆಲವು ಕಡೆ ಸಮಾಧಿ ಸ್ಥಳದಲ್ಲೂ ಸಾಲು ಬೇರೆ. ಮಗುವಿನ ಸೀಟಿಗೋಸ್ಕರ ಅಪ್ಪ ಸಭೆಯ ಹೆಸರು ಮುಚ್ಚಿಟ್ರೆ, ಅವನನ್ನ ಸುಳ್ಳುಗಾರ ಅಂತ ಪುಲ್ಪಿಟ್ ಮೇಲಿಂದ ಬೈಯೋದು ಸುಲಭ. ಮಂಡಿ ರೈಟರ್ ಪೆನ್ನು ಹಿಡಿದ ಕೈ ನಡುಗಿದೆ ಅಂದಾಗ ನಂಗೆ ಈ ಅಪ್ಪಂದಿರು ಫಾರಂ ತುಂಬಿಸೋದು ನೆನಪಾಯ್ತು.


ಮಾಲೂರು ಸಾಕ್ಷಿ · ಬುಧವಾರ, ಬೆಳಿಗ್ಗೆ 7:45

ಅಂಕಲ್, ಅದೂ ಇದೂ ಒಂದೇನಾ? ಹೆಸರು ಮುಚ್ಚಿಟ್ಟವನು ತನ್ನ ಮಗುವಿಗೋಸ್ಕರ ಮಾಡಿದ. ಬಾಕ್ಸ್ ಮುಚ್ಚಿಟ್ಟಿದ್ದು ಬೇರೆಯವರ ಅನ್ನ.


ಚಾಂಪಿಯನ್ ರೀಫ್ · ಬುಧವಾರ, ಬೆಳಿಗ್ಗೆ 7:58

ಒಂದೇ ಅಲ್ಲ. ನೀನು ಹೇಳಿದ್ದು ಸರಿ. ಎರಡೂ ರಾತ್ರಿ ನಿದ್ದೆ ಕೆಡಿಸ್ತವೆ, ಅಷ್ಟೇ ನಾನು ಹೇಳಿದ್ದು.


ಗೌರಿಬಿದನೂರು ಹುಡುಗಿ · ಬುಧವಾರ, ಮಧ್ಯಾಹ್ನ 12:30

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಬೀದಿಯಲ್ಲಿ ಗಣೇಶನಿಗೆ ಚಂದಾ ಕೇಳೋಕೆ ಬರ್ತಾರೆ. ಅಪ್ಪ ಕೊಡ್ತಾರೆ, ಯೂತ್ ಗುಂಪಿನವರು ಕೊಡಬಾರದು ಅಂತಾರೆ. ಕ್ರಿಸ್ಮಸ್‌ಗೆ ನಾವು ಕಜ್ಜಾಯ, ರೋಸ್ ಕುಕ್ಕಿ ಹಂಚಿದಾಗ ಬೀದಿಯವರೆಲ್ಲ ತಗೋತಾರೆ. ಇದಕ್ಕೇನಂತೀರಿ?


ನಿವೃತ್ತ ಟೀಚರ್, ತುಮಕೂರು · ಬುಧವಾರ, ಮಧ್ಯಾಹ್ನ 3:15

ಮಗು, ಇದಕ್ಕೆ ಬೇರೆ ಚರ್ಚೆ ಶುರು ಮಾಡು, ಬಂದು ಬರೆಯುತ್ತೇನೆ. ಅಲ್ಲಿಯವರೆಗೆ ಎರಡನೇ ಅರಸುಗಳು ಐದನೇ ಅಧ್ಯಾಯದಲ್ಲಿ ನಾಮಾನ ಎಲೀಷನನ್ನು ಏನು ಕೇಳಿಕೊಂಡ, ಎಲೀಷ ಎಷ್ಟು ಚಿಕ್ಕ ಉತ್ತರ ಕೊಟ್ಟ, ಓದಿರು. ಅಪ್ಪನ ಜೊತೆ ಜಗಳ ಆಡಬೇಡ.


ಒಬ್ಬ ಸಭಾಪಾಲಕ · ಗುರುವಾರ, ರಾತ್ರಿ 10:48

ನಾನು ಮಂಡಿ ರೈಟರ್ ಅವರ ಅಯ್ಯನವರಲ್ಲ. ಬೇರೆ ಜಿಲ್ಲೆ, ಬೇರೆ ಸಭೆ. ಆದರೂ ನಾಲ್ಕು ದಿನದಿಂದ ಓದಿ ಓದಿ ಮುಚ್ಚಿಡುತ್ತಿದ್ದೇನೆ, ಏಕೆಂದರೆ "ಪ್ರಾರ್ಥನೆಯಲ್ಲಿಡಿ" ಎಂದು ನಾನೂ ಹೇಳಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬರು ನನ್ನ ಬಳಿ ಬಂದರು. ಬಡ್ಡಿ ವ್ಯವಹಾರದವರ ಕೈಕೆಳಗೆ ವಸೂಲಿ ಕೆಲಸ. ಅಯ್ಯನವರೇ, ನಿನ್ನೆ ಒಂದು ಮನೆಯಿಂದ ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಬಂದೆ, ಒಲೆ ಮೇಲೆ ಅನ್ನ ಬೇಯುತ್ತಿತ್ತು ಎಂದರು. ಆ ವ್ಯವಹಾರದ ಯಜಮಾನರು ನಮ್ಮ ದೇವಾಲಯದ ಛಾವಣಿಗೆ ಶೀಟು ಕೊಡಿಸಿದ್ದರು. ನಾನು ತಲೆಯೆತ್ತಿದೆ, ಶೀಟು ಕಾಣಿಸಿತು. ಪ್ರಾರ್ಥನೆ ಮಾಡೋಣ ಎಂದೆ. ಮಾಡಿದೆ ಕೂಡ, ಚೆನ್ನಾಗಿಯೇ ಮಾಡಿದೆ. ಆ ಮನುಷ್ಯ ಆಮೇಲೆ ದೇವಾಲಯಕ್ಕೆ ಬರುವುದು ನಿಲ್ಲಿಸಿದರು. ಯಜಮಾನರು ಕ್ರಿಸ್ಮಸ್‌ಗೆ ಕೇಕ್ ಕಳಿಸುತ್ತಾರೆ.

ಮತ್ತಾಯ 5:23 ಪ್ರತಿ ಸಲ ಕರ್ತನ ಭೋಜನಕ್ಕೆ ಮುಂಚೆ ನನಗೆ ನೆನಪಿಗೆ ಬರುತ್ತದೆ. ಕಾಣಿಕೆ ತಂದಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ವಿರೋಧ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು ಎಂದಿದೆ. ನಿನಗೆ ಅವನ ಮೇಲೆ ಅಲ್ಲ, ಅವನಿಗೆ ನಿನ್ನ ಮೇಲೆ. ಮಂಡಿ ರೈಟರ್ ಅವರೇ, ನೀವು ಚೀಲವನ್ನು ಅಲ್ಲಿಯೇ ಬಿಟ್ಟು ಆ ಅಮ್ಮನ ಮನೆಗೆ ಹೋಗಿ. ಕೆಲಸದ ವಿಷಯ ಆಮೇಲೆ. ಇದನ್ನು ನಾನು ಅಂದು ಹೇಳಬೇಕಿತ್ತು, ಬೇರೆಯವರಿಗೆ ಹೇಳುತ್ತಿದ್ದೇನೆ.


ಶ್ರೀನಿವಾಸಪುರ ರೈತ · ಶುಕ್ರವಾರ, ಬೆಳಿಗ್ಗೆ 5:20

ಪಾದ್ರಿಗಳೇ, ನಮಸ್ಕಾರ. ನೀವು ಹೀಗೆ ಬರೆದಿದ್ದಕ್ಕೆ.


ಮುಳಬಾಗಿಲು ನರ್ಸಮ್ಮ · ಹದಿನೈದು ದಿನದ ನಂತರ

ರೈಟರ್ ಅಣ್ಣ, ಎಲ್ಲಿದೀರಿ? ಸುದ್ದಿನೇ ಇಲ್ಲ.


ಮಂಡಿ ರೈಟರ್ · ಮರುದಿನ, ರಾತ್ರಿ 11:05

ಇದೀನಿ ಸಿಸ್ಟರ್. ಬರೆಯೋ ಧೈರ್ಯ ಇರಲಿಲ್ಲ. ಎಲ್ಲಾ ಒಟ್ಟಿಗೆ ಹೇಳ್ತೀನಿ.

ಶ್ರೀನಿವಾಸಪುರದ ಅಣ್ಣ ಹೇಳಿದಂಗೆ ಒಂದು ಸೋಮವಾರ ಮಾಡಿದೆ. ಎಲ್ಲರ ಚೀಟಿಯಲ್ಲೂ, ಸಭೆಯವರು ಅಂತಲ್ಲ, ಎಲ್ಲರದ್ದರಲ್ಲೂ ಮೇಲೆ ಬಂದದ್ದು ಎಷ್ಟು ಅಂತ ಬರೆದೆ. ಕೆಳಗೆ ಸೂಟು, ಕಮಿಷನ್ನು, ಹಮಾಲಿ ಬೇರೆ ಬೇರೆ ಬರೆದು ಕಳೆದೆ. ಕೊಟ್ಟ ದುಡ್ಡು ಮಾಮೂಲಿನಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ. ಹತ್ತು ಗಂಟೆಯೊಳಗೆ ಒಬ್ಬ ಹುಡುಗ ರೈತ ಚೀಟಿಯನ್ನ ಎತ್ತಿ ಹಿಡಿದು ಗಟ್ಟಿಯಾಗಿ ಓದಿದ. "ಸೂಟು ಮೂರು ಅಂತೆ, ನೋಡ್ರಪ್ಪ, ಬರೆದೇ ಕೊಟ್ಟವ್ರೆ." ಜನ ಸೇರಿದ್ರು.

ಸಾಹುಕಾರ್ರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಒಳಗೆ ಕರೆದು ಟೀ ತರಿಸಿ, "ನಿಂಗೆ ಕಣ್ಣು ಮಂಜಾಗಿದೆ ಅನ್ಸುತ್ತೆ, ಒಂದಷ್ಟು ದಿನ ಗೇಟ್ ಹತ್ರ ಕೂತ್ಕೊಂಡು ಗಾಡಿ ನಂಬರ್ ಬರ್ಕೋ" ಅಂದ್ರು. ಈ ತಿಂಗಳ ಸಂಬಳ ಅಷ್ಟೇ ಬಂತು. ಮುಂದಿನ ತಿಂಗಳು ಗೊತ್ತಿಲ್ಲ. ಚೀಟಿ ಈಗ ಅವರ ಅಳಿಯ ಬರೀತಾನೆ. ಅಕ್ಷರ ದುಂಡಗಿದೆ. ಆ ಚೀಟಿ ಓದಿದ ಹುಡುಗ ಈಗ ಮಾಲು ಬೇರೆ ಮಂಡಿಗೆ ಹಾಕ್ತಾನಂತೆ. ಅಲ್ಲೂ ಬಿಳಿ ಚೀಟಿನೇ.

ಸುಗ್ಗಿ ಹಬ್ಬಕ್ಕೆ 20 ಬಾಕ್ಸ್ ಬಂತು. ಕಮಿಟಿಯಲ್ಲಿ ನಾನು ಬೇಡ ಅಂತ ಹೇಳಿದೆ, ಕಾರಣ ಕೇಳಿದ್ರು, ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ಕೊಟ್ಟಿದ್ದನ್ನ ವಾಪಸ್ ಕಳಿಸಿದ್ರೆ ಊರಲ್ಲಿ ಹೆಂಗಿರತ್ತೆ ಅಂದ್ರು. ಒಳಗೆ ತಂದು ಜೋಡಿಸಿದ್ರು. ಆಯಮ್ಮನೂ ಮೂರು ಬಾಕ್ಸ್ ತಂದಿದ್ರು. ಜೋಡಿಸಿದ ಮೇಲೆ ಯಾವ್ದು ಯಾರದು ಅಂತ ಗೊತ್ತಾಗಲಿಲ್ಲ. ಅವತ್ತು ಚೀಲ ನಾನು ಹಿಡೀಲಿಲ್ಲ. ಖಜಾಂಚಿ ಪುಸ್ತಕಾನೂ ಅಯ್ಯನವರ ಕೈಗೆ ಕೊಟ್ಟೆ. ಅವರು ತಗೊಂಡು, "ನಾನು ಅವತ್ತು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅಲ್ವಾ" ಅಂದ್ರು. ನಾನು ಏನೂ ಹೇಳಲಿಲ್ಲ.

ನಿನ್ನೆ ಸಾಯಂಕಾಲ ಆಯಮ್ಮನ ಮನೆಗೆ ಹೋದೆ. ನನ್ನ ಹೆಂಡತಿನೂ ಬಂದ್ಲು, ಬರ್ತೀನಿ ಅಂತ ಅವಳೇ ಹೊರಟಿದ್ದು. 760 ರೂಪಾಯಿ ಕವರಲ್ಲಿ ಹಾಕಿದ್ದೆ. ಬೇಡ ಅಂತಾರೆ, ದೇವರ ಕೆಲಸಕ್ಕೆ ಕೊಡು ಅಂತಾರೆ ಅಂದ್ಕೊಂಡಿದ್ದೆ. ದಾರಿಯುದ್ದಕ್ಕೂ ಅದಕ್ಕೆ ಏನು ಹೇಳಬೇಕು ಅಂತ ಜೋಡಿಸ್ಕೊಂಡು ಹೋಗಿದ್ದೆ.

ಆಯಮ್ಮ ಕವರ್ ತಗೊಂಡ್ರು. ದೀಪದ ಹತ್ರ ಹಿಡಿದು ಎಣಿಸಿದ್ರು. ನನ್ನ ಮುಖ ನೋಡಿ, "ಕಮಿಷನ್ನು?" ಅಂದ್ರು.

ಬಂಗಾರಪೇಟೆ ಗುಮಾಸ್ತರು ಬರೆದಿದ್ದು ನೆನಪಾಯ್ತು. ಜೇಬಲ್ಲಿ ಇದ್ದಿದ್ದು ಮುನ್ನೂರು, ಅದನ್ನ ಇಟ್ಟೆ. ಹೆಂಡತಿ ಪರ್ಸಿಂದ ಐನೂರು ತೆಗೆದು ಇಟ್ಲು. ಉಳಿದಿದ್ದು 720, ಶನಿವಾರ ತಂದು ಕೊಡ್ತೀನಿ ಅಂದೆ. "ಆಯ್ತಪ್ಪ" ಅಂದು ಒಳಗೆ ಹೋದ್ರು. ಕಾಫಿಗೆ ಅಂದ್ಕೊಂಡೆ.

ಬಂದಾಗ ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಒಳಗೆ ಚೀಟಿ, ಹೂ ಕಟ್ಟೋ ದಾರದಲ್ಲಿ ಕಟ್ಟಿಟ್ಟ ಕಟ್ಟು. 2019ರಿಂದ ಅವೆ. ಒಂದೊಂದರಲ್ಲೂ ನನ್ನ ಅಕ್ಷರ. ಬಂದದ್ದು ಎಷ್ಟು ಅಂತ ನಾನು ಯಾವದರಲ್ಲೂ ಬರೆದಿರಲಿಲ್ಲವಲ್ಲ, ಇದರ ಲೆಕ್ಕ ಹೆಂಗೆ ಹಾಕೋದು ಅಂತ ಕೇಳಿದೆ. ಆಯಮ್ಮನಿಗೆ ಓದು ಬರಹ ಬರಲ್ಲ. ಒಂದು ಚೀಟಿ ತಿರುಗಿಸಿ ತೋರಿಸಿದ್ರು. ಹಿಂಬದಿಯಲ್ಲಿ ಇದ್ದಲಲ್ಲಿ ಗೀಟು ಎಳೆದಿದ್ರು, ಐದೈದರ ಕಟ್ಟು ಮಾಡಿ.

ಚಾಪೆ ಹಾಕಿದ್ರು. ನಾನು ಮುಂದಿನ ಅಂಕಿ ಓದ್ತೀನಿ, ನನ್ನ ಹೆಂಡತಿ ಹಿಂದಿನ ಗೀಟು ಎಣಿಸ್ತಾಳೆ, ಆಯಮ್ಮ ನೋಡ್ತಾ ಕೂತ್ಕೋತಾರೆ. ರಾತ್ರಿ ಒಂಬತ್ತರವರೆಗೆ ಹನ್ನೊಂದು ಚೀಟಿ ಆಯ್ತು. ಶನಿವಾರ ಮತ್ತೆ ಹೋಗಬೇಕು.